ಇಪ್ಪತ್ತೊಂದು ದಿನದ ತವರು

ಆ ಸಲದ ವಿಮಾನದ ಟಿಕೆಟ್ಟಿಗೆ ನಾನು ಮಾಮೂಲಿಗಿಂತ ಒಂದೂವರೆ ಪಟ್ಟು ಕೊಟ್ಟೆ. ಸೊಪ್ಪಿನ ಕಟ್ಟಿಗೂ ಚೌಕಾಸಿ ಮಾಡದೆ ಪರ್ಸು ತೆರೆಯದವಳು ನಾನು, ಆದ್ದರಿಂದ ಕಾರಣ ಹೇಳಿಬಿಡುತ್ತೇನೆ. ಜರ್ಮನಿಯಲ್ಲಿ ಕೆಲಸ ಕಳೆದುಕೊಂಡು ನಿರುದ್ಯೋಗ ಭತ್ಯೆ ಪಡೆಯುವವರು ಊರಿಗೆ ಹೋಗಬೇಕಾದರೆ ಉದ್ಯೋಗ ಕಚೇರಿಯ ಒಪ್ಪಿಗೆ ಬೇಕು. ನನಗೆ ಅದು ಸಿಕ್ಕಿದ್ದು ಹೊರಡುವುದಕ್ಕೆ ಒಂದೇ ವಾರವಿರುವಾಗ. ಅಷ್ಟರೊಳಗೆ ಎಲ್ಲಾದರೂ ಕೆಲಸ ಖಾಲಿ ಬಿದ್ದರೆ ಸೇರಬೇಕಲ್ಲ, ಅದಕ್ಕೇ ಮೊದಲೇ ಕೊಡುವುದಿಲ್ಲ. ಕೊನೇ ವಾರದ ಟಿಕೆಟ್ಟು ಯಾರಿಗೆ ಅಗ್ಗವಾಗಿ ಸಿಕ್ಕಿದೆ ಹೇಳಿ? ಮೊನ್ನೆ ಹಳೆಯ ಸೂಟ್‌ಕೇಸಿನ ಜಿಪ್ ಸರಿಮಾಡುವಾಗ ಒಳಪದರದಲ್ಲಿ ಆ ಒಪ್ಪಿಗೆ ಪತ್ರ ಸಿಕ್ಕಿತು. ಜಿಪ್ಪು ಅಲ್ಲಿಗೇ ನಿಂತಿತು.

ನಾನು ದೊಡ್ಡಬಳ್ಳಾಪುರದ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕಲಿತವಳು. ಗಂಡ ಅಡುಗೆ ಕೆಲಸಕ್ಕೆಂದು ಜರ್ಮನಿಗೆ ಹೋದಾಗ ಜೊತೆಗೆ ಹೋದೆ, ಕಾರಿನ ಸೀಟಿಗೆ ಕವರ್ ಹೊಲಿಯುವ ಕಾರ್ಖಾನೆ ಸೇರಿದೆ. ಆರು ವರ್ಷದ ಮೇಲೆ ಅದು ಮುಚ್ಚಿತು. ತಿಂಗಳು ತಿಂಗಳೂ ಸಂಬಳದಲ್ಲಿ ಹಿಡಿದುಕೊಂಡದ್ದಕ್ಕೆ ಬದಲಾಗಿ ಭತ್ಯೆ ಬರತೊಡಗಿತು. ಗಂಡನ ಹೋಟೆಲಿನಲ್ಲೂ ಪಾಳಿ ಕಡಿಮೆಯಾಗಿತ್ತು, ಮನೆ ಬಾಡಿಗೆ ಆ ಭತ್ಯೆಯ ಮೇಲೆಯೇ ನಿಂತಿತ್ತು. ನಮ್ಮ ಬೂದಿಗೆರೆಯಲ್ಲಿ ಮಾತ್ರ ಅದಕ್ಕೆ ಬೇರೆ ಹೆಸರು: ಬಿಟ್ಟಿ ದುಡ್ಡು.

ಅಷ್ಟರಲ್ಲಿ ಅಣ್ಣನ ಫೋನು. ಅಮ್ಮ ಮೊದಲೇ ತೀರಿಹೋಗಿದ್ದರು, ಅಪ್ಪ ಹೋಗಿ ಆಗ ವರ್ಷವಾಗಿತ್ತು. ಅಪ್ಪನ ಜಮೀನು ಕೇಳಿಕೊಂಡು, ಸೈಟು ಮಾಡಿ ಮಾರುವ ಲೇಔಟ್‌ನವರು ಬಂದಿದ್ದರು.

"ಭಾಗದ ಪತ್ರ ಆಗ್ಬೇಕು ಕಣಮ್ಮ. ಬಂದು ಒಂದು ಸೈನ್ ಹಾಕು. ನಿನಗೆ ಕೊಡೋದು ಕೊಡ್ತೀವಿ."

ಉದ್ಯೋಗ ಕಚೇರಿಯ ಹೆಂಗಸು ಕನ್ನಡಕದ ಮೇಲಿಂದ ನೋಡಿ, ಕೆಲಸ ಹುಡುಕುವ ಹೊತ್ತಿನಲ್ಲಿ ಪ್ರವಾಸವೇ ಎಂದರು. ಪ್ರವಾಸವಲ್ಲ ತವರು, ನಾಲ್ಕು ವಾರ ಕೊಡಿ ಎಂದೆ. ಮೂರು ಎಂದರು. ಮೂರೂವರೆ ಎಂದೆ. ಆಕೆ ಕಂಪ್ಯೂಟರನ್ನೇ ನನ್ನ ಕಡೆ ತಿರುಗಿಸಿ ನಿಯಮ ತೋರಿಸಿದರು. ಸಂತೆಯಲ್ಲಿ ಯಾರೂ ನನಗೆ ಹಾಗೆ ಮಾಡಿದ್ದಿಲ್ಲ. ಇಪ್ಪತ್ತೊಂದು ದಿನ. ಇಪ್ಪತ್ತೆರಡನೆಯ ಬೆಳಿಗ್ಗೆ ಆ ಕಚೇರಿಯಲ್ಲಿರದಿದ್ದರೆ ಭತ್ಯೆ ನಿಲ್ಲುತ್ತದೆ.

ಊರಿಗೆ ಬಂದರೆ, ಮೊದಲ ವಾರ ಅಮಾವಾಸ್ಯೆ ಕಳೆಯಲಿ ಎಂದ ಅಣ್ಣ. ಎರಡನೆಯ ವಾರ, ಪತ್ರ ಬರೆಯುವವರು ಮದುವೆಗೆ ಹೋಗಿದ್ದಾರೆ ಎಂದ. ಇತ್ತ ಅತ್ತಿಗೆಯದು ದಿನವೂ ಮುದ್ದೆ, ಹಿತಕಿದ ಬೇಳೆ ಸಾರು. ಅವರೆಕಾಳು ನೆನೆಸಿ ಒಂದೊಂದೇ ಹಿತುಕುವ ಕಷ್ಟ ಬಲ್ಲವಳು ನಾನು, ಕರಗಿಹೋದೆ. ಅಂಗಡಿಯವನು ಟೀ ತರಿಸಿದರೆ ತಕ್ಷಣ ಎಚ್ಚರವಾಗುವ ನನಗೆ ಅಣ್ಣನ ಮನೆಯಲ್ಲಿ ಹಾಗೆ ತೋಚಲೇ ಇಲ್ಲ.

ಹತ್ತೊಂಬತ್ತನೆಯ ದಿನ ದೇವನಹಳ್ಳಿಗೆ, ಪತ್ರ ಬರೆಯುವವರ ಹತ್ತಿರ ಕರೆದುಕೊಂಡು ಹೋದ. "ಓದೋದೇನೈತೆ, ಎಲ್ಲಾ ಮನೆಯೋರೇ" ಎಂದು ಪೆನ್ನು ಕೊಟ್ಟ. ಓದಿದೆ. ಅದು ಭಾಗದ ಪತ್ರವಲ್ಲ. ಅರಿಶಿನ-ಕುಂಕುಮದ ಬಾಬ್ತು ಒಂದಿಷ್ಟು ಪಡೆದು, ನನ್ನ ಹಕ್ಕನ್ನೆಲ್ಲ ಸಂತೋಷದಿಂದ ಬಿಟ್ಟುಕೊಟ್ಟಿದ್ದೇನೆ ಎಂದಿತ್ತು.

"ಸಂತೋಷದಿಂದ ಅಂತ ಬರ್ದಿದ್ದೀರಲ್ಲ ಸ್ವಾಮಿ, ಯಾರ ಸಂತೋಷ ಇದು?" ಎಂದು ಕೇಳಿದೆ. ಪತ್ರ ಬರೆಯುವವರು ಪೆನ್ನಿನ ಮುಚ್ಚಳ ಹುಡುಕತೊಡಗಿದರು.

"ನಿನಗೇನಮ್ಮ ಕಡಿಮೆ?" ಎಂದ ಅಣ್ಣ. "ಆ ದೇಶದೋರು ಕೂರಿಸಿ ಕೊಡ್ತಾರೆ."

"ದುಡಿಯೋವಾಗ ಹಿಡ್ಕೊಂಡಿದ್ರು, ಈಗ ಕೊಡ್ತಾವ್ರೆ. ನೀನು ಭಾಗದ ಪತ್ರ ಬರೆಸಣ್ಣ, ಈಗ್ಲೇ ಸೈನ್ ಹಾಕ್ತೀನಿ."

"ಅದಕ್ಕೆ ಹದಿನೈದು ದಿನ ಬೇಕು. ಕೆಲಸ ಇಲ್ದೋಳಿಗೆ ಏನವಸರ? ಇರು."

ಅವನ ಲೆಕ್ಕ ಆಗ ತಿಳಿಯಿತು. ಉಳಿದರೆ ಭತ್ಯೆ ಹೋಗುತ್ತದೆ. ಆ ಹೆದರಿಕೆಗೆ ಸೈನ್ ಹಾಕಿಯೇ ಹೊರಡುತ್ತಾಳೆ. ನಾನು ಪೆನ್ನು ಕೆಳಗಿಟ್ಟು ಎದ್ದೆ.

"ಹಾಗೇ ಹೋದ್ರೆ ನಿಮ್ಮ ಆಫೀಸಿಗೆ ಬರೀತೀನಿ. ಬಿಟ್ಟಿ ದುಡ್ಡಲ್ಲಿ ದೇಶ ಸುತ್ತುತಾ ಅವಳೆ ಅಂತ" ಎಂದ ಅಣ್ಣ.

ಚೀಲದಿಂದ ಒಪ್ಪಿಗೆ ಪತ್ರ ತೆಗೆದು ಅವನ ಮುಂದೆ ಹರಡಿದೆ. "ಬರಿ. ಅಡ್ರೆಸ್ಸು ಮೇಲ್ಗಡೆ ಐತೆ. ಅವರಿಗೆ ಜರ್ಮನ್‌ನಲ್ಲೇ ಬರೀಬೇಕು. ನಿಂಗೆ ಆ ಭಾಷೆ ಬರ್ದೇ ಇದ್ರೆ ಹೇಳು, ನಾನೇ ಬರ್ಕೊಡ್ತೀನಿ."

ಪತ್ರ ಬರೆಯುವವರು ನಕ್ಕು, ಕೆಮ್ಮಿದಂತೆ ಮಾಡಿದರು. ಅಣ್ಣ ನಗಲಿಲ್ಲ. ಇಪ್ಪತ್ತೊಂದನೆಯ ದಿನ ಜರ್ಮನಿಯಲ್ಲಿಳಿದೆ, ಮರುದಿನ ಬೆಳಿಗ್ಗೆ ಕಚೇರಿ ತೆರೆಯುವ ಮೊದಲೇ ಬಾಗಿಲಲ್ಲಿದ್ದೆ.

ನನ್ನ ಸೈನ್ ಇಲ್ಲದೆ ಲೇಔಟ್‌ನವರು ಮುಂದುವರಿಯಲಿಲ್ಲ. ಎಂಟು ತಿಂಗಳಾದ ಮೇಲೆ ಅಣ್ಣನೇ ಫೋನ್ ಮಾಡಿ, ಭಾಗದ ಪತ್ರವನ್ನೇ ಬರೆಸುತ್ತೇನೆ ಎಂದ. ಬರೆಸಿದ್ದನ್ನು ಮೊದಲು ವಾಟ್ಸಾಪ್ ಮಾಡು ಎಂದೆ. ಮೂರನೆಯ ಸಲ ಕಳಿಸಿದ್ದರಲ್ಲಿ ನನ್ನ ಭಾಗ ಅಳತೆ, ನಾಲ್ಕು ದಿಕ್ಕಿನ ಚಕ್ಕುಬಂದಿ ಸಹಿತ ಇತ್ತು. ಅಷ್ಟರಲ್ಲಿ ಹೊಸ ಕೆಲಸ ಸಿಕ್ಕಿತ್ತು, ರಜೆ ಹಾಕಿ ಬಂದು ಸೈನ್ ಹಾಕಿ ಹೋದೆ.

ಆ ವರ್ಷದಿಂದ ಗೌರಿ ಹಬ್ಬಕ್ಕೆ ತವರಿನ ಬಾಗಿನ ಬಂದಿಲ್ಲ. ಹಬ್ಬದ ಬೆಳಿಗ್ಗೆ ಫೋನ್ ಸದ್ದಾದರೆ ಈಗಲೂ ಮೊದಲು ಅಣ್ಣನ ಹೆಸರಿಗೇ ಕಣ್ಣು ಹೋಗುತ್ತದೆ. ಟಿಕೆಟ್ಟಿಗಿಂತ ತುಟ್ಟಿಯಾದದ್ದು ಇದು. ಆದರೂ ಆ ಪತ್ರ ಬರೆಯುವವರ ಮೇಜಿನ ಮುಂದೆ ಮತ್ತೆ ಕೂರಿಸಿದರೆ ಮತ್ತೆ ಎದ್ದೇ ಬರುತ್ತೇನೆ.

ನೀವೂ ಹೊರದೇಶದಲ್ಲಿ ಕೆಲಸ ಹೋಗಿ ಭತ್ಯೆಯಲ್ಲಿದ್ದರೆ, ಊರಿಗೆ ಹೋಗಲು ನಾಚಬೇಡಿ. ಆದರೆ ಒಪ್ಪಿಗೆ ಮೊದಲು, ಟಿಕೆಟ್ಟು ಆಮೇಲೆ. ಒಂದೊಂದು ದೇಶದ್ದು ಒಂದೊಂದು ನಿಯಮ, ನಿಮ್ಮ ಕಚೇರಿಯಲ್ಲೇ ಕೇಳಿ, ಒಪ್ಪಿಗೆಯನ್ನು ಕಾಗದದಲ್ಲಿ ತೆಗೆದುಕೊಳ್ಳಿ. ವಾಪಸಿಗೆ ಒಂದು ದಿನ ಕೈಯಲ್ಲಿಟ್ಟುಕೊಂಡು ಹೊರಡಿ. ನನ್ನ ಹಾಗೆ ಎದೆ ಹಿಡಿದುಕೊಂಡು ಬರಬೇಡಿ. ಸೈನ್ ಕೇಳುವವರು ಒಡಹುಟ್ಟಿದವರಾದರೂ ಪತ್ರವನ್ನು ಹೊರಡುವ ಮೊದಲೇ ತರಿಸಿ ಓದಿ. ಇನ್ನು ತವರಿನವರು ಮುನಿದು ಕರೆಯದಿದ್ದರೆ, ಕರೆಯಲೆಂದು ವರ್ಷಗಟ್ಟಲೆ ಕಾಯಬೇಡಿ. ನಾನು ಕಾದು ನೋಡಿದ್ದೇನೆ, ಪ್ರಯೋಜನವಿಲ್ಲ. ಈ ಗೌರಿಗೆ ಅತ್ತಿಗೆಗೆ ನಾನೇ ಬಾಗಿನ ಒಯ್ಯುತ್ತಿದ್ದೇನೆ. ನೀವೂ ಹಾಗೆಯೇ ಮಾಡಿ: ಬಾಗಿಲಲ್ಲಿ ನಿಂತು ಕೂಗಬೇಡಿ, ಚಪ್ಪಲಿ ಬಿಟ್ಟು ನೇರ ಒಳಗೆ ಹೋಗಿ.