ತಟ್ಟೆ ತೊಳೆದ ನೀರು

ಅವ್ವ ಹೋದ ಮೇಲೆ ಅಪ್ಪ ಊಟಕ್ಕೆ ಕೂರುವುದನ್ನೇ ಬಿಟ್ಟ. ಉಪವಾಸ ಇದ್ದ ಎಂದಲ್ಲ. ಅಡುಗೆಮನೆಗೆ ಬಂದು, ರೊಟ್ಟಿಯ ಮೇಲೆ ಒಂದಿಷ್ಟು ಶೇಂಗಾ ಚಟ್ನಿ ಹಾಕಿಕೊಂಡು, ಅಂಗೈಯಲ್ಲಿಟ್ಟುಕೊಂಡೇ ಹಿತ್ತಲ ಬಾಗಿಲಿಗೆ ಹೋಗಿ ನಿಂತು ತಿಂದು ಮುಗಿಸುತ್ತಿದ್ದ.

“ಕುಂತು ಉಣ್ಣೋ ಅಪ್ಪಾ” ಎಂದರೆ, “ಹೊಟ್ಟಿ ತುಂಬಿದ್ರ ಆತಿಲ್ಲೇನು, ಕುಂತ್ರೇನು ನಿಂತ್ರೇನು” ಎನ್ನುತ್ತಿದ್ದ.

ಮದುವೆಯಾದಾಗಿನಿಂದ ಅವರಿಬ್ಬರೂ ಎದುರುಬದುರು ಕೂತು ಉಂಡವರು. ಅವ್ವ ತುತ್ತಿಗೊಂದು ಸುದ್ದಿ ಹೇಳುತ್ತಿದ್ದಳು, ಅಪ್ಪ ಹೂಂಗುಡುತ್ತಿದ್ದ. ಆ ಜಾಗ ಖಾಲಿಯಾದ ಮೇಲೆ ಅದರ ಎದುರು ಕೂರಲು ಅವನಿಗೆ ಆಗುತ್ತಿರಲಿಲ್ಲ. ನನಗೆ ಅದು ಗೊತ್ತಿತ್ತು. ಗೊತ್ತಿದ್ದೂ ಸಿಟ್ಟು ಬರುತ್ತಿತ್ತು. ನಾನು ಮದುವೆಯಾಗಲಿಲ್ಲ, ಹಳಿಯಾಳದ ಸರ್ಕಾರಿ ಶಾಲೆಯಲ್ಲಿ ಮಾಸ್ತರಿಕೆ, ಬಾಡಿಗೆ ಮನೆ, ದಾಂಡೇಲಿಯಿಂದ ಕರೆತಂದ ಅಪ್ಪ, ಇಷ್ಟೇ ನನ್ನ ಸಂಸಾರ. ಇಬ್ಬರೇ ಇರುವ ಮನೆಯಲ್ಲಿ ಒಬ್ಬರು ನಿಂತು ಉಂಡರೆ ಇನ್ನೊಬ್ಬರಿಗೆ ಕೂತು ಉಣ್ಣುವುದು ಎಷ್ಟು ಕಷ್ಟ ಎಂಬುದು ಉಂಡವರಿಗೇ ಗೊತ್ತು. ಹೇಗಾದರೂ ಮಾಡಿ ಅವನನ್ನು ಮತ್ತೆ ನನ್ನೆದುರು ಕೂರಿಸಬೇಕು ಎಂದು ಹಟ ಹಿಡಿದೆ.

ಅದಕ್ಕೇ ಒಂದು ಭಾನುವಾರ ದಾಂಡೇಲಿಗೆ ಹೊರಡಿಸಿದೆ. ಅಪ್ಪ ಧಾರವಾಡ ಸೀಮೆಯ ಹಳ್ಳಿಯಿಂದ ಬಂದು ಅಲ್ಲಿಯ ಕಾಗದದ ಕಾರ್ಖಾನೆಯಲ್ಲಿ ದುಡಿದು ಕೂದಲು ಬೆಳ್ಳಗೆ ಮಾಡಿಕೊಂಡವನು. ಜೋಯಿಡಾ ರಸ್ತೆಯಲ್ಲಿ, ಅವನು ಹಿಂದೆ ಸೈಕಲ್ ಮೇಲೆ ಓಡಾಡುತ್ತಿದ್ದ ಕಡೆ, ಹೊಳೆದಂಡೆಗೆ ಈಗ ಪ್ರವಾಸಿಗರ ಹೋಟೆಲುಗಳು ಎದ್ದಿವೆ. ಅಂಥದೊಂದರಲ್ಲಿ ಮಧ್ಯಾಹ್ನ ಉಣ್ಣೋಣ ಎಂದೆ. ಅಪ್ಪ ಮೊದಲು ಗೊಣಗಿದ. ಆಮೇಲೆ ಒಗೆದು ಮಡಿಚಿಟ್ಟ ಧೋತರ ಉಟ್ಟು, ಬಿಳಿ ಟೊಪ್ಪಿಗೆ ಇಟ್ಟು, ಹಣೆತುಂಬ ವಿಭೂತಿ ಬಳಿದುಕೊಂಡು ತಯಾರಾದ.

“ಏನಪಾ, ಮದಿಮಗ ಹೊಂಟಂಗ ಹೊಂಟೀಯಲ್ಲ” ಎಂದು ಚೇಷ್ಟೆ ಮಾಡಿದೆ. ನಕ್ಕ. ಬಹಳ ದಿನಗಳ ಮೇಲೆ.

ಅಲ್ಲಿಗೆ ಎಲ್ಲರೂ ಕಾರಿನಲ್ಲಿ ಬರುತ್ತಾರೆ. ನಾವು ಬಸ್ಸಿಳಿದು ರಸ್ತೆಯ ಧೂಳಿನಲ್ಲಿ ನಡೆದು ಬಂದವರು. ಗೇಟಿನ ಕಾವಲುಗಾರ ನಮ್ಮ ಮುಖಕ್ಕಿಂತ ಮೊದಲು ಚಪ್ಪಲಿ ನೋಡಿದ.

“ಕೆಲಸದವ್ರು ಹಿಂದಿನ ಗೇಟಿಲೆ ಹೋಗ್ರಿ.”

“ನಾವು ಉಣ್ಣಾಕ ಬಂದೇವಿ” ಎಂದೆ.

“ಇಲ್ಲಿ ಊಟ ಭಾಳ ತುಟ್ಟಿ ಐತ್ರಿ ಅಕ್ಕಾರ” ಎಂದ, ನಮ್ಮ ಒಳ್ಳೆಯದಕ್ಕೇ ಹೇಳುವವನಂತೆ.

“ತುಟ್ಟಿ ಐತೋ ಸೋವಿ ಐತೋ ನಾವು ನೋಡ್ಕೋತೇವಿ. ನೀ ಬಾಗಿಲಾ ತಗಿ” ಎಂದೆ. ನನ್ನ ಮೂಗಿನ ತುದಿಯಲ್ಲೇ ಕೋಪ ಎಂದು ಅವ್ವ ಬೈಯುತ್ತಿದ್ದಳು, ಸುಳ್ಳಲ್ಲ. ಅಪ್ಪನಿಗೆ ಮಾತ್ರ ತಮಾಷೆ. “ಸಾಲಿ ಹುಡುಗ್ರನ್ನ ಬೈದಂಗ ಬೈತೀಯಲ್ಲೇ ಯವ್ವಾ” ಎನ್ನುತ್ತ ಒಳಗೆ ಬಂದ.

ಕಿಟಕಿಯ ಬದಿಯ ಮೇಜುಗಳು ಖಾಲಿ ಇದ್ದರೂ ನಮ್ಮನ್ನು ಕೈತೊಳೆಯುವ ತೊಟ್ಟಿಯ ಪಕ್ಕ ಕೂರಿಸಿದರು. ಆ ಹೊತ್ತಿಗೆ ಜಗಳ ಬೇಡವೆಂದು ಸುಮ್ಮನಾದೆ. ಅಲ್ಲಿಯ ಪದ್ಧತಿ ಎಂದರೆ ಸಾಲಾಗಿ ಇಟ್ಟ ಅಡುಗೆಯನ್ನು ನಾವೇ ಬಡಿಸಿಕೊಳ್ಳಬೇಕು. ಪಟ್ಟಣದವರಿಗೆ ರುಚಿ ತೋರಿಸಲೆಂದು ಜೋಳದ ರೊಟ್ಟಿ, ಎಣ್ಣೆಗಾಯಿಯನ್ನೂ ಇಟ್ಟಿದ್ದರು. ಅಪ್ಪ ಮೊದಲು ಅರ್ಧ ರೊಟ್ಟಿ ತಂದ. ಆಮೇಲೆ ತಾನೇ ಎದ್ದು ಹೋಗಿ ಇನ್ನೊಂದು ತಂದ. ಅನ್ನ, ಸಾರು ತಂದ. ಮಜ್ಜಿಗೆ ತಂದ. ನನ್ನ ಎದುರು ಕೂತು ಉಂಡ.

“ನಿಮ್ಮವ್ವ ಇದ್ದಿದ್ರ ಬದ್ನಿಕಾಯಿಗೆ ಉಪ್ಪು ಸಾಲಂಗಿಲ್ಲ ಅಂತಿದ್ಲು” ಎಂದ.

ಅವ್ವ ಹೋದ ಮೇಲೆ ಅವನ ಬಾಯಲ್ಲಿ ಅವಳ ಮಾತು ಬಂದದ್ದು ಅದೇ ಮೊದಲು. ನಾನು ತಲೆ ತಗ್ಗಿಸಿ, ಉಪ್ಪು ಸರಿಯಾಗೇ ಇದ್ದ ಎಣ್ಣೆಗಾಯಿಗೆ ಇನ್ನಷ್ಟು ಉಪ್ಪು ಹಾಕಿಕೊಂಡೆ. ಗೆದ್ದೆ ಅಂದುಕೊಂಡೆ. ಇನ್ನು ಮನೆಯಲ್ಲೂ ಕೂರುತ್ತಾನೆ, ಇನ್ನು ಎಲ್ಲ ಸರಿಹೋಗುತ್ತದೆ ಎಂದು.

ನಮ್ಮದು ಲಿಂಗ ಕಟ್ಟುವ ಮನೆತನ. ತಟ್ಟೆಗೆ ಬಂದದ್ದೆಲ್ಲ ಪ್ರಸಾದ, ಅದರಲ್ಲಿ ಒಂದು ಅಗುಳೂ ಹಾಳಾಗಬಾರದು. ಉಂಡಾದ ಮೇಲೆ ಹಿರಿಯರು ತಟ್ಟೆಗೆ ನೀರು ಹಾಕಿ, ಬೆರಳಿನಿಂದ ಸುತ್ತ ತೊಳೆದು, ಆ ನೀರನ್ನು ಕುಡಿದೇ ಏಳುತ್ತಾರೆ. ನನ್ನ ಓರಗೆಯವರು ಬಿಟ್ಟಿದ್ದೇವೆ. ಅಪ್ಪ ಬಿಟ್ಟಿರಲಿಲ್ಲ. ಕಾರ್ಖಾನೆಯ ಕ್ಯಾಂಟೀನಿನಲ್ಲೂ ಹಾಗೇ ಮಾಡುತ್ತಿದ್ದ, ಬೀಗರ ಮನೆಯಲ್ಲೂ ಹಾಗೇ. ಅವತ್ತೂ ಲೋಟದ ನೀರು ತಟ್ಟೆಗೆ ಸುರಿದು, ತೊಳೆದು, ಎರಡೂ ಕೈಯಲ್ಲಿ ಎತ್ತಿ, ಕಣ್ಣು ಮುಚ್ಚಿ ಕುಡಿದ.

ಪಕ್ಕದ ಮೇಜಿನ ಹೆಂಗಸು ನೋಡಿದಳು. ನನ್ನ ವಯಸ್ಸಿನವಳೇ. ಅವರ ಮೇಜಿನ ತುಂಬ ಅರ್ಧ ತಿಂದು ಬಿಟ್ಟ ತಟ್ಟೆಗಳಿದ್ದವು. ಅವಳ ಮುಖದಲ್ಲಿ ಅಸಹ್ಯ ಕಂಡಿದ್ದರೆ ನನಗೆ ಸುಲಭವಿತ್ತು, ನಾಲಿಗೆ ನನಗೂ ಇದೆ. ಆದರೆ ಅವಳ ಕಣ್ಣು ತುಂಬಿತ್ತು. ಬಡಿಸುವವನನ್ನು ಕರೆದು ಕಿವಿಯಲ್ಲಿ ಏನೋ ಹೇಳಿ, ಮತ್ತೊಮ್ಮೆ ಅಪ್ಪನ ಕಡೆ ನೋಡಿ, ಮನೆಯವರೊಂದಿಗೆ ಹೊರಟುಹೋದಳು.

ಬಡಿಸುವವನು ಸ್ವಲ್ಪ ಹೊತ್ತಿಗೆ ಪ್ಲಾಸ್ಟಿಕ್ ಡಬ್ಬಿಯೊಂದನ್ನು ತಂದು ಅಪ್ಪನ ಮುಂದೆ ಇಟ್ಟ. ನಡುವಯಸ್ಸಿನವನು, ನಮ್ಮ ಕಡೆಯವನೇ.

“ಅಜ್ಜಾರ, ಆ ಅಕ್ಕಾರು ನಿಮಗ ಕೊಡು ಅಂದ್ರು. ಅವರ ತಾಟಿನ್ಯಾಗ ಉಳದಿತ್ರಿ. ಚಲೋ ಐತಿ, ಕೈ ಹಚ್ಚಿಲ್ಲ. ರಾತ್ರಿಗಿ ಆಕ್ಕೈತಿ, ಒಯ್ರಿ.”

ನಾನು ದಡಕ್ಕನೆ ಎದ್ದೆ. ಕುರ್ಚಿ ಹಿಂದಕ್ಕೆ ಬಿತ್ತು. “ಯಾರಿಗಿ ಕೊಡಾಕ ಬಂದೀಯೋ ನೀ?” ಎಂದು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ನನ್ನ ಕೈ ಹಿಡಿದ.

“ಸುಮ್ಕಿರು. ಅನ್ನ ಐತಿ ಅದು.”

ಎಂದವನೇ ಆ ಡಬ್ಬಿಯನ್ನು ಎರಡೂ ಕೈಯಿಂದ ತೆಗೆದುಕೊಂಡ. ಅನ್ನ ಕೊಡಲು ಬಂದವರಿಗೆ ಒಲ್ಲೆ ಎನ್ನುವ ರೂಢಿ ಅವನಿಗೆ ಇರಲೇ ಇಲ್ಲ. “ಚಲೋ ಆತು ತಮ್ಮಾ” ಎಂದು ಅವನಿಗೆ ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಬಡಿಸುವವನ ಮುಖ ಅರಳಿತು. ಪುಣ್ಯದ ಕೆಲಸ ಮಾಡಿದವನಂತೆ ಬಿದ್ದ ಕುರ್ಚಿ ಎತ್ತಿಟ್ಟು ಹೋದ.

ಬಸ್ಸಿನಲ್ಲಿ ಅಪ್ಪ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. ಕಾರ್ಖಾನೆಯ ಚಿಮಣಿ ಕಂಡಾಗಲೂ ಆ ಕಡೆ ತಿರುಗಲಿಲ್ಲ. ಹಳಿಯಾಳದ ಬಸ್ ನಿಲ್ದಾಣದ ಹಿಂದೆ ಒಂದು ನಾಯಿಗೆ ಅದನ್ನು ಸುರಿದು, ಅದು ಕೊನೆಯವರೆಗೆ ತಿನ್ನುವುದನ್ನು ನಿಂತು ನೋಡಿದ. ಆಮೇಲೆ ನನ್ನ ಮುಖ ನೋಡದೆ ಕೇಳಿದ.

“ನಾ ಹಸದಾಂವ ಕಂಡ್ನೇನು?”

“ಇಲ್ಲಪ್ಪಾ. ಅಕಿಗಿ ತಿಳೀಲಿಲ್ಲ ಅಷ್ಟ.”

“ಧೋತರ ಒಗದದ್ದ ಉಟಗೊಂಡಿದ್ನೆಲ್ಲ” ಎಂದ.

ಒಗೆದ ಧೋತರ, ಹಣೆಯ ವಿಭೂತಿ, ಟೊಪ್ಪಿಗೆ, ಇವೆಲ್ಲ ನಮ್ಮ ಊರಿನಲ್ಲಿ ಮನುಷ್ಯನ ಮರ್ಯಾದೆ. ಆ ಗೇಟಿನ ಒಳಗೆ ಅವೇ ಬಡತನದ ಗುರುತು. ಇದನ್ನು ಅವನಿಗೆ ಬಿಡಿಸಿ ಹೇಳುವ ಧೈರ್ಯ ನನಗಿರಲಿಲ್ಲ.

ಮರುದಿನ ಅಪ್ಪ ತಾನಾಗಿಯೇ ಬಂದು ನನ್ನ ಎದುರು ಕೂತ. ಸಂತೋಷಪಟ್ಟೆ. ಉಂಡು ಮುಗಿಸಿ, ತಟ್ಟೆಗೆ ನೀರು ಹಾಕಿ, ಬೆರಳಾಡಿಸಿ, ಎತ್ತುವ ಮೊದಲು ತಲೆಯೆತ್ತಿ ನನ್ನನ್ನು ನೋಡಿದ. ಹೆತ್ತ ಮಗಳನ್ನು. ನಾನು ನೋಡುತ್ತಿದ್ದೇನೆ ಎಂದು ತಿಳಿದು, ತಟ್ಟೆ ಹಿಡಿದು ಎದ್ದು ಹೋಗಿ ಆ ನೀರನ್ನು ಹಿತ್ತಲ ಬಾಳೆಯ ಬುಡಕ್ಕೆ ಸುರಿದು ಬಂದ. “ಯಾಕಪ್ಪಾ?” ಎಂದರೆ, “ಏನಿಲ್ಲ ಬಿಡು” ಎಂದ.

ಮುಂಡಗೋಡದ ಕಡೆಯ ಒಂದು ಮಠದ ದಾಸೋಹಕ್ಕೆ ಕರೆದೊಯ್ದೆ. ಅಲ್ಲಿ ನಮ್ಮವರೇ, ಸಾಲಿನಲ್ಲಿ ಕೂತ ಮುದುಕರೆಲ್ಲ ತಟ್ಟೆ ತೊಳೆದು ಕುಡಿಯುವವರೇ. ಅವರ ನಡುವೆಯಾದರೂ ಅವನ ಅಂಜಿಕೆ ಹೋಗಲಿ ಎಂಬ ಆಸೆ. ಅಪ್ಪ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ತೊಳೆದ ನೀರು ತಟ್ಟೆಯಲ್ಲೇ ಇತ್ತು. ಎಲ್ಲರಿಗಿಂತ ಮೊದಲು ಎದ್ದು ನಲ್ಲಿಯ ಕಡೆ ಹೋದ. ನಾನು ಹೆಂಗಸರ ಸಾಲಿನಲ್ಲಿ ಕೂತಲ್ಲೇ ಅತ್ತುಬಿಟ್ಟೆ. ಪಕ್ಕದವಳು ಖಾರ ಹತ್ತಿತೇನೋ ಎಂದು ನೀರು ಕೊಟ್ಟಳು.

ಆ ಹೆಂಗಸನ್ನು ನಾನು ಮನಸ್ಸಿನಲ್ಲೇ ಎಷ್ಟು ಬೈದಿದ್ದೇನೋ. ಅವಳು ಮಾತ್ರ ಒಬ್ಬ ಹಸಿದ ಮುದುಕನ ಹೊಟ್ಟೆ ತುಂಬಿಸಿದೆ ಎಂದು ಅವತ್ತು ನೆಮ್ಮದಿಯಾಗಿ ಮಲಗಿರಬೇಕು. ಬೈದು ಏನು ಬಂತು. ಪ್ರತಿ ಊಟದ ಕೊನೆಗೆ ಅಪ್ಪ ತಪ್ಪು ಮಾಡಿದವನಂತೆ ಬಾಳೆಯ ಬುಡಕ್ಕೆ ನಡೆಯುತ್ತಿದ್ದ. ನೋಡಲಾಗದೆ ಕಡೆಗೆ ನಾನೇ ಒಂದು ದಾರಿ ಹುಡುಕಿದೆ. ಬಡಿಸಿ, “ಅರಬಿ ಒಣಗ್ಯಾವ, ತರ್ತೇನಿ” ಎಂದು ಹಿತ್ತಲಿಗೆ ಹೋಗಿಬಿಡುತ್ತಿದ್ದೆ. ಒಮ್ಮೊಮ್ಮೆ ತಂತಿಯ ಮೇಲೆ ಒಂದು ಬಟ್ಟೆಯೂ ಇರುತ್ತಿರಲಿಲ್ಲ. ಅಲ್ಲೇ ನಿಂತು, ತಟ್ಟೆ ಕೆಳಗಿಟ್ಟ ಸದ್ದು ಕೇಳುವವರೆಗೆ ಕಾದು ಒಳಗೆ ಬರುತ್ತಿದ್ದೆ. ತಟ್ಟೆ ಚೊಕ್ಕವಾಗಿ ಖಾಲಿಯಾಗಿರುತ್ತಿತ್ತು. ಅಪ್ಪನ ಮುಖದಲ್ಲಿ ಸಮಾಧಾನ ಇರುತ್ತಿತ್ತು. ಅಷ್ಟು ಸಾಕಿತ್ತು ನನಗೆ.

ಅವನು ಒಬ್ಬನೇ ಉಣ್ಣಬಾರದು ಎಂದೇ ಅವತ್ತು ದಾಂಡೇಲಿಗೆ ಕರೆದುಕೊಂಡು ಹೋಗಿದ್ದೆ. ಅಪ್ಪ ಸಾಯುವವರೆಗೂ ಒಬ್ಬನೇ ಉಂಡ.