ಕಲ್ಲಿನ ಮೊದಲ ಸಾಲು

ವಿಲ್ಮಾ ಕಾವೀ ಮೂವತ್ತು ವರ್ಷ ಮೀನು ಸೀಳಿದ ಹೆಂಗಸು. ಬೆರಳು ಸೊಟ್ಟಗಾದ ಮೇಲೆ ಆ ಕೆಲಸ ಬಿಟ್ಟು, ಕಡಲಂಚಿನ ನಮ್ಮೂರು ಪೋರ್ಟ್‌ಲೋಗಿಯ ಹಳೆ ಚರ್ಚಿನ ಅಂಗಳದಲ್ಲಿ ಗೋರಿಕಲ್ಲುಗಳ ಬರಹವನ್ನು ಪುಸ್ತಕವೊಂದಕ್ಕೆ ಇಳಿಸಿಕೊಳ್ಳಲು ಕೂತಳು. ಹನ್ನೊಂದು ವರ್ಷ ಕೂತಳು. ಊರು ನಕ್ಕಿತು. ಚರ್ಚಿನ ಬೀಗದ ಕೈ ಇಟ್ಟುಕೊಂಡಿರುವ ನಾನು, ಡಾಡ್ ಸ್ಟ್ರಾಕನ್, ನಾನೂ ನಕ್ಕವನೇ.

"ಸತ್ತೋರು ಎಲ್ಲೂ ಓಡೋಗಲ್ಲ ಕಣೆ, ಟೀ ಕುಡಿದು ಬಾ."

"ಅವ್ರು ಓಡಲ್ಲ, ಅಕ್ಷರ ಓಡ್ತಾವೆ. ನಿನ್ ನೆರಳು ಆಚೆ ತಗೊಂಡ್ ಹೋಗು, ಡಾಡ್."

ನಮ್ಮದು ಮರಳುಗಲ್ಲು, ಉಗುರು ತಗುಲಿದರೂ ಉದುರುತ್ತದೆ. ಅವಳು ಬ್ರಷ್ಷು ಮುಟ್ಟಿಸಳು, ಸೀಮೆಸುಣ್ಣ ಬಳಿಯಳು. ಕನ್ನಡಿಯಿಂದ ಬಿಸಿಲನ್ನು ಓರೆಯಾಗಿ ಹಾಯಿಸಿ, ಎದ್ದ ನೆರಳಲ್ಲಿ ಓದುವಳು. ಮುನ್ನೂರು ಕಲ್ಲು ಮುಗಿದು ಒಂದೇ ಉಳಿದಿತ್ತು. ಬಡಗಣ ಗೋಡೆಯ ಆ ಕಲ್ಲು ಒಂದೇ ದೋಣಿಯಲ್ಲಿ ಮುಳುಗಿದ ಐವರದು. ಐವರ ಹೆಸರು ಸಿಕ್ಕಿತ್ತು. ಕಲ್ಲು ನಿಲ್ಲಿಸಿದವರು ಯಾರೆಂಬ ಮೊದಲ ಸಾಲು ಮಾತ್ರ ಪಾಚಿಯೊಳಗಿತ್ತು. ಕನ್ನಡಿಗೆ ಸಿಗುವಷ್ಟು ಬಿಸಿಲು ಅಲ್ಲಿಗೆ ಬರುವುದು ಜೂನ್ ಕೊನೆಯ ನಾಲ್ಕಾರು ಸಂಜೆ ಮಾತ್ರ. ಎರಡು ವರ್ಷ ಆ ಸಂಜೆಗಳನ್ನೂ ಕಡಲ ಮಂಜು ನುಂಗಿತ್ತು.

ಆ ಸಾಲಿನ ಮೇಲೆ ಊರಿನಲ್ಲಿ ಎರಡು ಮಾತಿತ್ತು. ಉತ್ಸವ ಸಮಿತಿಯ ಅಧ್ಯಕ್ಷ ನಿನಿಯನ್ ಲಮ್ಸ್‌ಡನ್‌ನ ಮುತ್ತಜ್ಜನೇ ದೋಣಿಯ ಒಡೆಯ. ಅವನೇ ಮರುಕದಿಂದ ಕಲ್ಲು ನೆಡಿಸಿದನೆಂದು ಲಮ್ಸ್‌ಡನ್ ವರ್ಷವರ್ಷವೂ ಭಾಷಣ ಬಿಗಿಯುತ್ತಾನೆ. ವಿಲ್ಮಾಳ ಅಜ್ಜಿ, ಮುಳುಗಿದವನೊಬ್ಬನ ಮಗಳು, ಹೇಳಿದ್ದೇ ಬೇರೆ: ಒಡೆಯ ಕೊಳೆತ ದೋಣಿ ಕಳಿಸಿದ, ಐವರು ವಿಧವೆಯರು ಮೂರು ಹಂಗಾಮು ಹೆರಿಂಗ್ ಮೀನು ಸೀಳಿ ಕಲ್ಲು ನಿಲ್ಲಿಸಿದರು, ತಮ್ಮ ಹೆಸರನ್ನೂ ಕೆತ್ತಿಸಿದರು.

ಈ ಸಲ ಜೂನ್ ಹನ್ನೆರಡಕ್ಕೆ ಲಮ್ಸ್‌ಡನ್ ಉತ್ಸವಕ್ಕೆ ಕಲ್ಲು ತೊಳೆಯಲೆಂದು ಇಬ್ಬರ ಕೈಲಿ ರಭಸದಿಂದ ನೀರು ಚಿಮ್ಮಿಸುವ ಯಂತ್ರ ಕಳಿಸಿದ. ಗೇಟು ತೆಗೆದವನು ನಾನು. ಕೊಳೆ ತೊಳೆಯುತ್ತಾರೆ, ತೊಳೆಯಲಿ ಅಂದುಕೊಂಡೆ. ನನ್ನಂಥ ದಡ್ಡನ ಕೈಗೆ ಯಾವ ಪುರುಷಾರ್ಥಕ್ಕೆ ಬೀಗದ ಕೈ ಕೊಟ್ಟಿದ್ದಾರೋ.

ವಿಲ್ಮಾ ಬರುವಷ್ಟರಲ್ಲಿ ಬಡಗಣ ಗೋಡೆಯ ಆ ಕಲ್ಲಿನ ಮೇಲ್ಭಾಗದ ಸಿಪ್ಪೆಯೇ ಎದ್ದು, ನೆನೆದ ಬಿಸ್ಕತ್ತಿನಂತೆ ಹುಲ್ಲಿನ ಮೇಲೆ ಬಿದ್ದಿತ್ತು. ಅವಳು ಮಂಡಿಯೂರಿ ಒಂದೊಂದೇ ಚೂರನ್ನು ಮಗುಚಿ ನೋಡಿದಳು. ಯಾವುದರಲ್ಲೂ ಅಕ್ಷರವಿರಲಿಲ್ಲ. ನನಗೆ ಆ ಯಂತ್ರವನ್ನು ಎತ್ತಿ ಕಡಲಿಗೆ ಎಸೆಯುವಷ್ಟು ಸಿಟ್ಟು ಬಂತು.

ಲಮ್ಸ್‌ಡನ್ ಕೈ ಉಜ್ಜಿಕೊಳ್ಳುತ್ತಾ ಬಂದ. "ಎಷ್ಟು ಚೊಕ್ಕಟ ಆಗಿದೆ ನೋಡು ವಿಲ್ಮಾ. ಹೇಗೂ ಓದೋಕಾಗ್ತಿರಲಿಲ್ಲ ತಾನೆ. ನಿನ್ ಪುಸ್ತಕದಲ್ಲಿ ನಮ್ ಮುತ್ತಜ್ಜನ ಹೆಸರು ಹಾಕ್ಬಿಡು, ಊರಿಗೆಲ್ಲ ಗೊತ್ತಿರೋದೇ."

"ನೀನು ಓದಿದ್ಯಾ?"

"ಓದಿಲ್ಲ. ಕೇಳಿದೀನಿ."

"ಕೇಳಿದ್ದೇ ಬರೆಯೋದಾದ್ರೆ ನಿಮ್ ಮುತ್ತಜ್ಜನ ಮೇಲೆ ನಮ್ಮಜ್ಜಿ ಹೇಳಿರೋದು ಹತ್ತು ಪುಟ ಆಗುತ್ತೆ."

ನಾನು ಅವಳ ಕಿವಿಯಲ್ಲಿ ಅಂದೆ: "ಆ ಹೆಂಗಸರ ಹೆಸರು ನಿನಗೆ ಬಾಯಿಪಾಠ. ಬರ್ದುಬಿಡು. ಯಾರು ಕೇಳ್ತಾರೆ?"

ಅವಳು ನನ್ನನ್ನು ನುಂಗುವ ಹಾಗೆ ನೋಡಿದಳು. ಕಣ್ಣಿಂದ ಓದದ ಒಂದಕ್ಷರವನ್ನೂ ಅವಳು ಈವರೆಗೆ ಬರೆದಿರಲಿಲ್ಲ. "ನಾನೂ ಇವನ ಥರಾನೇ ಆಗ್ಲಾ?" ಅಂದಳು. ಅವಳ ದನಿ ನಡುಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಒದ್ದೆ ಹುಲ್ಲಿನ ಮೇಲೇ ಕೂತು ಬರೆದಳು. ಆಮೇಲೆ ಪುಸ್ತಕ ನನ್ನತ್ತ ಚಾಚಿ, "ಗಟ್ಟಿಯಾಗಿ ಓದು, ಸಾಕ್ಷಿ ಹಾಕು," ಅಂದಳು.

ಲಮ್ಸ್‌ಡನ್ ಎದುರೇ ಓದಿದೆ: "ಮೊದಲ ಸಾಲು ಓದಲಾಗಲಿಲ್ಲ. ಇಂದು, ಜೂನ್ ಹನ್ನೆರಡು, ನಿನಿಯನ್ ಲಮ್ಸ್‌ಡನ್ ಅಪ್ಪಣೆಯ ಮೇರೆಗೆ ನೀರು ಹೊಡೆಸಿ ಅಳಿಸಲಾಯಿತು. ಗೇಟು ತೆಗೆದುಕೊಟ್ಟವನು ಡಾಡ್ ಸ್ಟ್ರಾಕನ್."

ಅವನು ಏನೇನೋ ಕೂಗುತ್ತಿದ್ದ. ನಾನು ನನ್ನ ಹೆಸರಿನ ಕೆಳಗೆ ಸಹಿ ಹಾಕಿದೆ.