ಸೀನಿಗೆ ಬೆಚ್ಚದ ಕೈ

ಬಳಗದವರೆಲ್ಲ ಕೇಳ್ರಿ, ಇವತ್ತು ಒಂದು ಸೀನು ನಮ್ಮ ಶಾಂತಾಳ ಆಪರೇಶನ್ನನ್ನೇ ತಪ್ಪಿಸಿಬಿಡುತ್ತಿತ್ತು.

ಗರ್ಭಕೋಶದ ಗಡ್ಡೆಗಳಿಂದ ನನ್ನ ತಂಗಿ ಸೋತುಹೋಗಿದ್ದಾಳೆ. ಗರ್ಭಕೋಶ ತೆಗೆಯಲೇಬೇಕು. ಹೊಟ್ಟೆಯನ್ನು ದೊಡ್ಡದಾಗಿ ಕೊಯ್ಯದೆ, ಸಣ್ಣ ತೂತುಗಳಿಂದ ರೋಬೋಟ್ ಕೈಯಲ್ಲಿ ತೆಗೆಯಬಹುದು ಎಂದರು ಆಸ್ಪತ್ರೆಯಲ್ಲಿ. "ನನ್ನ ಒಳಗ ಹೋಗೋ ಕೈ ಮೊದಲ ನೋಡ್ತೀನಿ" ಎಂದು ಇವಳ ಹಟ. ಡಾಕ್ಟರಮ್ಮ ನಮ್ಮ ರಾಯಚೂರು ಕಡೆಯವರೇ. ಯಂತ್ರ ನಡೆಸುವುದನ್ನು ಕಲಿಸುವ ಕೋಣೆಗೆ ಕರೆದೊಯ್ದರು.

ಪ್ಲಾಸ್ಟಿಕ್ ಹೊದ್ದ ನಾಲ್ಕು ಕೈಗಳು ರಬ್ಬರಿನ ಹೊಟ್ಟೆಯ ಮೇಲೆ ಬಾಗಿ ನಿಂತಿದ್ದವು. ಡಾಕ್ಟರಮ್ಮ ದೂರದ ಮೂಲೆಯಲ್ಲಿ ನಮಗೆ ಬೆನ್ನು ಹಾಕಿ, ಒಂದು ಪೆಟ್ಟಿಗೆಯೊಳಗೆ ಮುಖ ಇಟ್ಟು ಕುಳಿತರು. ಅಲ್ಲಿ ಅವರ ಬೆರಳು ಅಲುಗಿದರೆ ಇಲ್ಲಿ, ಯಾರೂ ಇಲ್ಲದ ಕಡೆ, ಆ ಕೈ ದಾರ ಎಳೆದು ಹೊಲಿಯುತ್ತಿತ್ತು. ಸದ್ದೇ ಇಲ್ಲ.

ಆಗ ಡಾಕ್ಟರಮ್ಮ ಸೀನಿದರು. ಒಂದೇ ಸಲ.

ಶಾಂತಾ ಎದ್ದೇಬಿಟ್ಟಳು. "ಒಂಟಿ ಸೀನು! ನಡಿ ಅಕ್ಕಾ, ಮನಿಗೆ ಹೋಗೂಣ."

"ನಿಲ್ರಿ, ಆ ಕೈ ನೋಡ್ರಿ" ಎಂದರು ಡಾಕ್ಟರಮ್ಮ, ಮೂಗು ಒರೆಸಿಕೊಳ್ಳುತ್ತ. "ನಾ ಮುಖ ತೆಗೆದ್ರ ಅದು ಅಲ್ಲೇ ನಿಲ್ತೈತಿ. ತಾನಾಗಿ ಏನೂ ಮಾಡಂಗಿಲ್ಲ."

ಸೂಜಿ ಹಿಡಿದ ಕೈ ಹೊಲಿಗೆಯ ನಡುವೆಯೇ ನಿಂತಿತ್ತು. ನಾವಿಬ್ಬರೂ ಬೆಚ್ಚಿದ್ದೆವು; ಅದು ಮಾತ್ರ ಕೂದಲೆಳೆಯಷ್ಟೂ ಅಲುಗದೆ, ಇವಳ ಉತ್ತರಕ್ಕೇ ಕಾದಂತಿತ್ತು. ಶಾಂತಾ ಬಹಳ ಹೊತ್ತು ಅದನ್ನೇ ನೋಡಿ, "ಆತ್ರಿ, ಮಾಡಿಸ್ಕೋತೀನಿ" ಎಂದಳು.

ನಾಚಾರಂ ಬಡಾವಣೆಯ ನಮ್ಮ ಮನೆಗೆ ಬಂದು ಚಹಾ ಸೋಸುವಾಗ ನನಗೂ ಸೀನು ಬಂತು. ಅರ್ಧ ಚಹಾ ಕಟ್ಟೆಯ ಮೇಲೆ ಚೆಲ್ಲಿತು. ಶಾಂತಾ ನನ್ನ ಕೈಯನ್ನೇ ದಿಟ್ಟಿಸಿದಳು. "ನೋಡಕ್ಕಾ, ಆ ಯಂತ್ರದ ಕೈ ಆಗಿದ್ರ ಒಂದ ಹನಿನೂ ಚೆಲ್ತಿರಲಿಲ್ಲ."

ಆಗಿನಿಂದ ನನ್ನ ಕೈ ಕಂಡರೆ ನನಗೇ ಅನುಮಾನ.